‘ಎಲೆ ಎತ್ತು’ ಎಂದು ಬರೆದು ಕೈ ತೊಳೆದುಕೊಂಡವರಿಗೆ

ಗದಗು, ಸುಮ್ಮವಾರ, ಫೆಬ್ರವರಿ ಮೂವತ್ತು, ೨೪೧೯

‘ಪಂಕ್ತಿ’ ಎಂಬ ಆಟಕ್ಕೆ ನಿಯಮ ಬರೆಯಲಿರುವ, ಹೆಸರು ಉಳಿಸಿಕೊಳ್ಳದ ಮಹನೀಯರೇ,

ಮೇಲಿನ ತಾರೀಖನ್ನು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ನೀವು ಮಾಡಿದ ಅನ್ಯಾಯವನ್ನು ನಮ್ಮ ಹಿರಿಯರು ಸರಿಪಡಿಸಿದ್ದಾರೆ. ಸುಮ್ಮವಾರವೆಂದರೆ ಭಾನುವಾರದ ಮರುದಿನ, ಯಾರೂ ಯಾರಿಗೂ ಕೆಲಸ ಹೇಳಬಾರದ ದಿನ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನನ್ನ ಸಿಟ್ಟು ವಿಚಿತ್ರವೆನಿಸಿದರೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ, ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ಜನ ಅದನ್ನು ಮುತ್ತಜ್ಜಿಗೆ ಸಮಾಧಾನ ಹೇಳಲು, ಬರಲಿರುವ ನೆರೆಯ ಸುದ್ದಿ ತಿಳಿಸಲು ಬಳಸುತ್ತಾರೆ. ನಾನು ಒಂದು ಎಲೆಯಾಟದ ಬಗ್ಗೆ ಬರೆಯಬೇಕೆಂದಾಗ ಅಂಚೆಯಾಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಯಜಮಾನ್ರ, ಮನ್ಯಾಗ ಕೇಳಿ ಬಂದೀರಿಲ್ಲೋ?” ಎಂದಳು. ಮನೆಯವರ ಮೇಲೆಯೇ ದೂರು ಇರುವಾಗ ಮನೆಯಲ್ಲಿ ಕೇಳುವುದು ಹೇಗೆ?

ನೀವಿನ್ನೂ ಆಟ ಕಟ್ಟಿಲ್ಲವಾದ್ದರಿಂದ ನೀವೇ ಮಾಡಲಿರುವ ಕೆಲಸವನ್ನು ನಿಮಗೆ ವಿವರಿಸುತ್ತೇನೆ. ಪಂಕ್ತಿಯಲ್ಲಿ ಇಸ್ಪೀಟಿನಂಥ ಒಂದೊಂದು ಎಲೆಯ ಮೇಲೂ ಒಬ್ಬೊಬ್ಬ ನೆಂಟನ ಚಿತ್ರವಿರುತ್ತದೆ. ಆಡುವವರು ತಮಗೆ ಬೇಕಾದ ಎಲೆಗಳನ್ನು ಕೊಟ್ಟು-ತಂದು ಕೂಡಿಸಿ ತಮ್ಮದೇ ಕಟ್ಟು ಮಾಡಿಕೊಳ್ಳುತ್ತಾರೆ. ನಾವು ಇಳಿಸಿದ ನೆಂಟರು ಎದುರಾಳಿಯ ಅಡುಗೆಮನೆಯ ಅನ್ನ ಉಣ್ಣುತ್ತಾರೆ. ಯಾರ ಅನ್ನ ಮೊದಲು ಮುಗಿಯಿತೋ ಅವರು ಸೋತರು. ಪಂಕ್ತಿಯಿಂದ ಎದ್ದುಹೋದ ನೆಂಟರು ಬೀಳುವ ರಾಶಿಗೆ ಹಿತ್ತಲು ಎಂದು ಹೆಸರು.

ಅವಸರದವರು ಅವಸರದ ಕಟ್ಟು ಕಟ್ಟುತ್ತಾರೆ. ಅದರ ತುಂಬ ‘ಬಸ್ಸಿಗೆ ಹೊತ್ತಾದವರು’ ಎಂಬ ಎಲೆಗಳು. ಬಸ್ಸು ಏನೆಂದು ನಮಗೆ ತಿಳಿಯದು. ತಪ್ಪಿದರೆ ಜನ ಅಷ್ಟು ಗೋಳಾಡುತ್ತಿದ್ದರೆಂದ ಮೇಲೆ ಅದು ಯಾವುದೋ ದೇವರ ದರ್ಶನವೇ ಇರಬೇಕೆಂದು ಪಂಡಿತರು ಹೇಳುತ್ತಾರೆ. ಆ ಎಲೆಗಳು ಬಂದವು, ಗಬಗಬ ಉಂಡವು, ಹೋದವು. ಇದರಲ್ಲಿ ಬುದ್ಧಿಯ ಮಾತೇನಿದೆ? ನನ್ನದು ಮುನಿಸಿನ ಕಟ್ಟು. ಸೋದರಮಾವನಿಗೆ ಮೂಲೆಯ ಜಾಗ ಸಿಕ್ಕಿತು, ಎದ್ದ. ಬೀಗರಿಗೆ ಹಪ್ಪಳ ಬರಲಿಲ್ಲ, ಎದ್ದರು. ಲಗ್ನಪತ್ರಿಕೆಯಲ್ಲಿ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದೆ, ಅವನು ಕೂರುವ ಮೊದಲೇ ಎದ್ದ. ಹೀಗೆ ನನ್ನ ನೆಂಟರೆಲ್ಲ ಉಣ್ಣದೆ ಹಿತ್ತಲಿಗೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಾರೆ. ನೋಡುವವರು ನನ್ನ ಕಥೆ ಮುಗಿಯಿತೆಂದುಕೊಳ್ಳುತ್ತಾರೆ. ಆಗ ನಾನು ದೊಡ್ಡಮ್ಮನನ್ನು ಇಳಿಸುತ್ತೇನೆ. ಆಕೆ ಹಿತ್ತಲಿಗೆ ಹೋಗಿ ಎಲ್ಲರನ್ನೂ ರಮಿಸಿ, ರಟ್ಟೆ ಹಿಡಿದು ಎಬ್ಬಿಸಿ ತರುತ್ತಾಳೆ. ಮುನಿದವನ ಹಸಿವು ಎರಡು ಪಟ್ಟು. ಒಂದೇ ಪಂಕ್ತಿಗೆ ಎದುರಾಳಿಯ ಅಡುಗೆಮನೆ ಗುಡಿಸಿಟ್ಟಂತಾಗುತ್ತದೆ.

ಇಂಥ ಕಟ್ಟು ಪೇಟೆಯಲ್ಲಿ ಸಿಗುವಂಥದಲ್ಲ. ದೊಡ್ಡಮ್ಮನ ಎಲೆ ಬೆಟಗೇರಿಯ ಒಬ್ಬ ನೇಕಾರನ ಬಳಿ ಇತ್ತು. ಆತ ಅದಕ್ಕೆ ನನ್ನ ನೆರಳುಪಾಳಿ ಕೇಳಿದ. ಬೇಸಿಗೆಯಲ್ಲಿ ಬೀದಿಯ ನೆರಳಿನಲ್ಲಿ ನಡೆಯಲು ನಮ್ಮಲ್ಲಿ ಸರದಿಯಿದೆ, ಅದೇ ನೆರಳುಪಾಳಿ. ನಾನು ಇಡೀ ಬೇಸಿಗೆಯ ಪಾಳಿಯನ್ನು ಬಿಟ್ಟುಕೊಟ್ಟು, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಬಿಸಿಲಿನಲ್ಲಿ ಅಡ್ಡಾಡಿದೆ. ಮೂಗಿನ ತೊಗಲು ಸುಲಿಯಿತು. ನನ್ನ ಅಣ್ಣನ ಹೆಂಡತಿ ನೀಲಗಂಗವ್ವ ವೈನಿ ಬೆಣ್ಣೆ ಹಚ್ಚುತ್ತ, “ಎಲಿ ಸಲುವಾಗಿ ಸುಟ್ಟ ಬದ್ನಿಕಾಯಿ ಆದ್ಯಲ್ಲೋ ಮುರಿಗೆಪ್ಪ” ಎಂದು ನಕ್ಕಳು. ಆಗಲೇ ನಾನು ಹುಷಾರಾಗಬೇಕಿತ್ತು. ಯಾಕೆಂದರೆ ಊರಿನ ಆಟದ ಕೊನೆಯ ಸುತ್ತಿನಲ್ಲಿ ನನ್ನೆದುರು ಕೂತವಳು ಅದೇ ವೈನಿ, ಅವಸರದ ಕಟ್ಟು ಹಿಡಿದುಕೊಂಡು.

ಇವತ್ತು ಬೆಳಿಗ್ಗೆ ಊರ ಕಟ್ಟೆಯ ಮೇಲೆ ಆ ಸುತ್ತು ನಡೆಯಿತು. ಅವಳ ಬಸ್ಸಿನವರು ನನ್ನ ಅನ್ನದ ಪಾತ್ರೆಯ ತಳ ಕಾಣಿಸಿದ್ದರು. ನನ್ನ ಹಿತ್ತಲು ತುಂಬಿತ್ತು. ದೊಡ್ಡಮ್ಮನನ್ನು ಇಳಿಸಿದೆ. ಆ ಎಲೆಯ ಮೇಲೆ ನೀವು ಬರೆಯಲಿರುವುದು ಎರಡೇ ಪದ: ‘ಎಲೆ ಎತ್ತು.’ ಹಿತ್ತಲಿನಿಂದ ಎತ್ತು ಎಂದೇ ತಲೆತಲಾಂತರದಿಂದ ನಾವು ಓದಿಕೊಂಡು ಬಂದವರು. ವೈನಿ ಕೈ ಅಡ್ಡ ಹಿಡಿದಳು.

“ತಡಿ. ಎಲಿ ಎತ್ತು ಅಂದ್ರ ಊಟ ಮುಗೀತು ಅಂತ. ಲಗ್ನದಾಗ ಎಲಿ ಎತ್ತಿದ ಮ್ಯಾಲ ಮತ್ತ ಯಾರರ ಉಣ್ಣಾಕ ಕೂಡ್ತಾರೇನು? ನಿನ್ನ ಪಂಕ್ತಿ ನೀನ ಎತ್ಕೋ.”

ನಾನು ಪಕ್ಕದ ಮನೆಯ ಗಿರಿಮಲ್ಲಪ್ಪನವರ ಕಡೆ ನೋಡಿದೆ. ತೀರ್ಪು ಕೊಡುವ ಪಂಚರು ಅವರೇ. ಅವರು ಎಲೆಯನ್ನು ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಮೂಸಿಯೂ ನೋಡಿದರು. “ಆಕಿ ಹೇಳೂದೂ ಖರೇ ಐತಿ. ಎಲ್ಲಿಂದ ಎತ್ತಬೇಕು ಅಂತ ಬರದಿಲ್ಲ” ಎಂದರು. ವೈನಿಗೆ ಅಷ್ಟೂ ಸಾಲಲಿಲ್ಲ. “ಹಂಗೂ ಅಲ್ಲರಿ, ಆ ಎಲಿ ಮುರಿಗೆಪ್ಪನ್ನ ಹೆಸರು ಹಿಡದು ಕರಿಯಾಕತ್ತೈತಿ: ಎಲೆ ಎತ್ತೇ!” ಕಟ್ಟೆಯ ತುಂಬ ನಗು. ನಾನು ಸೋತೆ. ಮುಂದಿನ ಸುಮ್ಮವಾರ ನನ್ನ ಮೇಲ್ಮನವಿ ಇದೆ. ಅಲ್ಲಿಯೂ ಇದೇ ಅರ್ಥ ನಿಂತರೆ ಮುನಿಸಿನ ಕಟ್ಟು ಊರಿನಲ್ಲಿ ಸತ್ತಂತೆಯೇ.

ಈಗ ಹೇಳಿ ಸ್ವಾಮಿ. ‘ಹಿತ್ತಲಿನಿಂದ’ ಎಂಬ ಒಂದು ಪದ ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಜಾಗ ಇರಲಿಲ್ಲವೇ? ದೊಡ್ಡಮ್ಮನ ಸೀರೆಯ ಅಂಚಿನಲ್ಲಿ ಅಷ್ಟೊಂದು ನವಿಲು ಬಿಡಿಸಲು ಜಾಗವಿತ್ತಲ್ಲ! ಓದುವವನಿಗೆ ಗೊತ್ತಾಗುತ್ತದೆ ಬಿಡು ಎಂದುಕೊಂಡಿರಿ, ಅಲ್ಲವೇ? ನಿಮ್ಮ ಕಾಲದವರ ರೋಗವೇ ಅದು. ಮಳೆ, ನೀರು, ನೆರಳು, ಎಲ್ಲವನ್ನೂ ಮುಂದಿನವರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ಅರ್ಧಕ್ಕೆ ಬಿಟ್ಟು ಎದ್ದಿರಿ. ಅದನ್ನೆಲ್ಲ ಕ್ಷಮಿಸಿದ್ದೇವೆ. ಇದನ್ನು ಕ್ಷಮಿಸುವುದಿಲ್ಲ.

ಆ ಪದ ಸೇರಿಸಿ ಎಂದು ಕೇಳಿಕೊಳ್ಳಲು ಕಾಗದಕ್ಕೆ ಕೂತೆ. ಇಲ್ಲಿಯವರೆಗೆ ಬರೆದ ಮೇಲೆ ಹೊಳೆಯಿತು: ನೀವು ಸೇರಿಸಿದ್ದರೆ ನಾನು ಸೋಲುತ್ತಿರಲಿಲ್ಲ, ಈ ಕಾಗದವನ್ನೂ ಬರೆಯುತ್ತಿರಲಿಲ್ಲ. ಕಾಗದ ನಿಮ್ಮ ಕೈಯಲ್ಲಿದೆ ಎಂದರೆ ಇಷ್ಟೆಲ್ಲ ಓದಿಯೂ ನೀವು ಸೇರಿಸಲಿಲ್ಲ. ಎಂಥ ಮನುಷ್ಯರ್ರೀ ನೀವು!

ಈ ಸಾಲು ಬರೆಯುವ ಹೊತ್ತಿಗೆ ಇಲ್ಲೊಂದು ಸಂಗತಿ ನಡೆಯಿತು. ಅಂಚೆಯಿಂದ ಬಂದಾಗಿನಿಂದ ನಾನು ಉಣ್ಣದೆ, ಮನೆಗೆ ಬೆನ್ನು ತಿರುಗಿಸಿ, ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದೇನೆ. ಈಗ ವೈನಿ ಬಂದಳು. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. “ರೊಟ್ಟಿ ಆರಾಕತ್ತಾವು. ಎಲಿ ಹಾಕಿ ಎಷ್ಟೊತ್ತಾತು? ನೀನಾಗಿ ಏಳ್ತೀಯೋ, ಇಲ್ಲಿಂದ ನಾನ ಎತ್ಲೋ?” ಎಂದು ರಟ್ಟೆ ಹಿಡಿದಳು.

ಎತ್ಲೋ ಎಂದಳು ಸ್ವಾಮಿ. ಹಿತ್ತಲಿನಿಂದ. ಗೋಡೆಯಾಚೆ ಪಾತ್ರೆ ತಿಕ್ಕುತ್ತಿದ್ದ ಗಿರಿಮಲ್ಲಪ್ಪ ಪಂಚರ ಕೈ ಅಲ್ಲೇ ನಿಂತಿತು. ವೈನಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು, ನಾಲಿಗೆ ಕಚ್ಚಿಕೊಂಡಳು.

ನೀವು ಏನೂ ತಿದ್ದಬೇಡಿ, ಮೇಲ್ಮನವಿಗೆ ಸಾಕ್ಷಿ ಸಿಕ್ಕಿದೆ. ನವಿಲು ಬಿಡಿಸಿಕೊಂಡೇ ಇರಿ. ನನ್ನ ಹಸಿವು ಎರಡು ಪಟ್ಟಾಗಿದೆ, ಉಣ್ಣಲು ಹೋಗುತ್ತಿದ್ದೇನೆ.

ಇಂತಿ, ಸಿಟ್ಟು ಇಳಿಯದ,
ಮುರಿಗೆಪ್ಪ