ಕಾರ್ ಹೊಲದ ಅರ್ಥ

ಹ್ಯಾವರ್ಬಿ, ಲಿಂಕನ್‌ಶೈರ್
22 ನವೆಂಬರ್ 1964, ಭಾನುವಾರ

ಪ್ರೀತಿಯ ಹೆಡ್ಲಿ,

ಹೇಗಿದ್ದೀಯೋ? ಸೊಂಟದ ನೋವು ಕಡಿಮೆಯಾಯಿತೇ? ನಿನಗೆ ಸೊಂಟನೋವು ಅನ್ನುವುದು ನನಗೆ ಗೊತ್ತಾದದ್ದೇ ಹೋದ ವರ್ಷದ ಕ್ರಿಸ್‌ಮಸ್ ಕಾರ್ಡಿನಲ್ಲಿ ಮೋನಾ ಬರೆದಿದ್ದ ಒಂದು ಸಾಲಿನಿಂದ. ಗಂಡನ ಅಕ್ಕನ ಮುಖವನ್ನೇ ನೋಡದ ಹುಡುಗಿ ಐದು ವರ್ಷದಿಂದ ತಪ್ಪದೆ ಕಾರ್ಡು ಕಳಿಸುತ್ತಾಳೆ. ಕೆಳಗೆ ನಿನ್ನ ಹೆಸರನ್ನೂ ಅವಳೇ ಬರೆಯುತ್ತಾಳೆ ಅನ್ನುವುದು ಅಕ್ಷರ ನೋಡಿದರೆ ತಿಳಿಯುತ್ತದೆ. ನಾನು ಮೇಷ್ಟರಮ್ಮ ಅಲ್ಲವೇ, ಅಕ್ಷರ ಗುರುತಿಸುವುದೇ ನನ್ನ ಕಸುಬು. ಅದಕ್ಕೆ ಬೇಜಾರಿಲ್ಲ. ಅವಳಿಗೂ ಮಕ್ಕಳಿಬ್ಬರಿಗೂ ನನ್ನ ಪ್ರೀತಿ ತಿಳಿಸು. ನ್ಯೂಜಿಲೆಂಡಿನಲ್ಲಿ ಈಗ ಬೇಸಿಗೆ ಶುರುವಾಗಿರಬೇಕು. ಇಲ್ಲಿ ಅಕ್ಟೋಬರಿನಿಂದ ಬಿಸಿಲು ಕಂಡಿಲ್ಲ.

ಅಪ್ಪ ಪೇಟೆಯ ಆಸ್ಪತ್ರೆಯಲ್ಲಿದ್ದಾರೆ. ಗಾಬರಿಯಾಗಬೇಡ. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತ್ತು, ಈಗ ಇಳಿದಿದೆ. ನಿನ್ನೆ ಎದ್ದು ಕೂತು ಸೂಪು ಕುಡಿದರು, ಉಪ್ಪಿಲ್ಲ ಅಂತ ನರ್ಸನ್ನು ಬೈದರು. ಬೈಯುವಷ್ಟು ಶಕ್ತಿ ಬಂದಿದೆ ಅಂತ ನನಗೆ ಸಮಾಧಾನವಾಯಿತು. ಆದರೆ ಅವರು ಆಸ್ಪತ್ರೆ ಸೇರಿದ್ದು ಹೇಗೆ ಅನ್ನುವುದನ್ನು ನಿನಗೆ ಹೇಳಲೇಬೇಕು. ಹೇಳುವುದಕ್ಕೆ ಮೂರು ಸಂಜೆ ಕೂತೆ, ಮೂರು ಸಲವೂ ಕಾಗದ ಹರಿದೆ.

ಅಪ್ಪ ಇರುವುದು ಕಾರ್ ಹೊಲದ ಮೇಲೆ ಕಟ್ಟಿದ ಮುದುಕರ ಮನೆಗಳಲ್ಲಿ, ನಾಲ್ಕನೆಯದರಲ್ಲಿ. ಇದನ್ನು ನಾನು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ. ನೀನು ಹೋದ ಮರುವರ್ಷ ಮನೆಗಳು ಎದ್ದವು. ಮೊದಲು ಅರ್ಜಿ ಕೊಟ್ಟವರು ಅಪ್ಪನೇ. ಶಾಲೆಯ ಪಕ್ಕದ ನನ್ನ ಮನೆಗೇ ಬನ್ನಿ ಅಂದೆ. "ಬೇಡ ಕಣೇ, ನಿನ್ನ ಮಾತಿನ ಮೇಲೆ ಆರಿಸಿದ ಜಾಗ, ನಾನೇ ಹೋಗದಿದ್ದರೆ ಊರವರು ಏನಂದುಕೊಂಡಾರು?" ಅಂದರು. ಪ್ರತಿ ಭಾನುವಾರ ಮಧ್ಯಾಹ್ನ ಅವರಿಗೆ ಊಟ ಕೊಂಡೊಯ್ಯುತ್ತಿದ್ದೆ. ಹೋದಾಗಲೆಲ್ಲ ಅಡುಗೆಮನೆಯ ಮೇಜಿನ ಹತ್ತಿರವೇ ಕೂರಿಸುತ್ತಿದ್ದರು. ಮಲಗುವ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಮುದುಕರ ಕೋಣೆ, ಗಲೀಜಾಗಿರಬಹುದು, ನನಗೆ ತೋರಿಸಲು ನಾಚಿಕೆ ಅಂದುಕೊಂಡೆ. ಒಮ್ಮೆ ನೆಲದ ಹಾಸು ಒದ್ದೆಯಾಗಿದ್ದು ಕಾಲಿಗೆ ತಗುಲಿತು. "ಕೆಟಲ್ ಚೆಲ್ಲಿತು," ಅಂದರು. ಇನ್ನೊಮ್ಮೆಯೂ ಕೆಟಲ್ಲೇ ಚೆಲ್ಲಿತ್ತು. ಕೈ ನಡುಗುತ್ತದೇನೋ ಅಂತ ಹಗುರವಾದ ಹೊಸ ಕೆಟಲ್ ತಂದುಕೊಟ್ಟೆ. ಎಷ್ಟು ದಡ್ಡಿ ನೋಡು ನಾನು.

ಈ ತಿಂಗಳ ಮೊದಲ ಮಂಗಳವಾರ ಪಕ್ಕದ ಮನೆಯ ಮುದುಕ ಶಾಲೆಗೇ ಬಂದು, "ನಿಮ್ಮಪ್ಪ ಎಬೆನ್ ಬಾಗಿಲು ತೆಗೀತಿಲ್ಲಮ್ಮಾ," ಅಂದ. ಮಕ್ಕಳನ್ನು ಬಿಟ್ಟು ಓಡಿದೆ. ಅಪ್ಪ ಹಾಸಿಗೆಯಲ್ಲಿ ಬೆಂಕಿಯ ಹಾಗೆ ಸುಡುತ್ತಿದ್ದರು. ಆ ಕೋಣೆಯನ್ನು ನಾನು ನೋಡಿದ್ದು ಅದೇ ಮೊದಲು. ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟಿದ್ದರು. ಬೀರುವಿನ ಕೆಳಗೂ ಇಟ್ಟಿಗೆ. ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಹಸಿರು ಬೂಷ್ಟು. ನೆಲದ ಹಾಸಿನ ಅಂಚು ಎತ್ತಿದರೆ ಕೆಳಗೆ ನೀರು, ಹೆಡ್ಲಿ, ಕಪ್ಪು ನೀರು, ಮಿಸುಕುತ್ತಿತ್ತು. ವೈದ್ಯರು ಬೂಟಿನ ತುದಿಯಿಂದ ನೆಲ ಒತ್ತಿ ನೋಡಿ, "ಇದನ್ನ ಯಾರಿಗೆ ಅಂತ ಕಟ್ಟಿದ್ರಿ, ಕಪ್ಪೆಗಳಿಗಾ?" ಅಂದರು. ಅಪ್ಪ ಜ್ವರದಲ್ಲೇ ಕಣ್ಣು ತೆರೆದು, "ಕೆಟಲ್ ಚೆಲ್ಲಿತು ಡಾಕ್ಟ್ರೇ," ಅಂದರು. ನಾನು ಅಲ್ಲೇ ನಿಂತಿದ್ದೆ ಅಂತ ಹಾಗಂದರು. ಆರು ಚಳಿಗಾಲ ಅವರು ಆ ನೀರನ್ನು ನನ್ನಿಂದ ಬಚ್ಚಿಟ್ಟಿದ್ದರು.

ಈಗ ಆ ಸಭೆಯ ವಿಷಯ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಆದರೂ ನನ್ನ ಕೈಯಿಂದಲೇ ಬರೆಯಬೇಕು. ಐವತ್ತೇಳರ ಮಾರ್ಚ್, ಗುರುವಾರ, ಊರಿನ ಸಭಾಮನೆ. ಮುದುಕರ ಮನೆಗಳ ನಕ್ಷೆ ತಂದಿದ್ದ, ಜಿಲ್ಲಾ ಮಂಡಳಿಯ ಆ ಕೆಂಪು ಕೂದಲಿನವನು, "ಕಾರ್ ಹೊಲ ಅಂದರೇನು, ಮೋಟಾರು ನಿಲ್ಲಿಸೋ ಜಾಗವೇ?" ಅಂತ ಕೇಳಿದಾಗ ಎಲ್ಲರೂ ನಕ್ಕರು. ಸಭೆಯ ಅಧ್ಯಕ್ಷರು, ಮಿಸ್ಟರ್ ಮಾ ಅವರು, "ನಮ್ಮ ಎಡಿತ್ ಇದ್ದಾಳಲ್ಲ, ಹಳೇ ಪತ್ರ ಓದೋಳು, ಅವಳನ್ನೇ ಕೇಳಿ," ಅಂದರು. ನಾನು ಎದ್ದು ನಿಂತೆ. ಇಗರ್ಜಿಯ ದಾಖಲೆಯಲ್ಲಿ 1612ರಲ್ಲಿ ರಾಬರ್ಟ್ ಕಾರ್ ಎಂಬ ರೈತನಿದ್ದ, ಹೊಲಕ್ಕೆ ಅವನದೇ ಹೆಸರು ಬಂದಿದೆ ಅಂದೆ. ಇಗರ್ಜಿಯ ಪತ್ರಿಕೆಯಲ್ಲಿ ಆಗಲೇ ಅಚ್ಚಾಗಿದ್ದ ನನ್ನ ಲೇಖನವನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಆಗ ನೀನು ಹಿಂದಿನ ಸಾಲಿನಿಂದ ಎದ್ದೆ. ಕಾಲುವೆ ತೋಡಿ ನೇರವಾಗಿ ಬಂದಿದ್ದೆ, ಬೂಟಿನಲ್ಲಿ ಕೆಸರಿತ್ತು. "ಅಲ್ಲ ಅಕ್ಕ, ಕಾರ್ ಅಂದ್ರೆ ಜೌಗು. ಅಪ್ಪ ಹೇಳ್ತಿದ್ರು, ಅಜ್ಜನೂ ಹೇಳ್ತಿದ್ದ. ಫೆಬ್ರವರೀಲಿ ಹೋಗಿ ಕಾಲಿಟ್ಟು ನೋಡಿ, ಹೆಸರು ಯಾಕೆ ಬಂತು ಅಂತ ನೆಲಾನೇ ಹೇಳತ್ತೆ," ಅಂದೆ. ನಾನು ಏನಂದೆ? "ಹೆಡ್ಲಿ, ಮೊದಲು ಒಂದು ಪುಸ್ತಕ ಓದಿ ಮುಗಿಸು, ಆಮೇಲೆ ಪದಗಳ ಅರ್ಥ ಹೇಳೋಕೆ ಬಾ," ಅಂದೆ. ಇಡೀ ಸಭೆ ನಕ್ಕಿತು. ನಿನ್ನ ಕಿವಿ ಕೆಂಪಗಾದದ್ದು ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ಮಾ ಅವರು ಅಪ್ಪನ ಕಡೆ ತಿರುಗಿ, "ನೀನೇನಂತೀಯ ಎಬೆನ್?" ಅಂದರು. ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ನಮ್ಮ ಹುಡುಗಿ ಓದಿದೋಳು. ಅವಳಿಗೆ ಗೊತ್ತಿರತ್ತೆ," ಅಂದರು. ನೀನು ಹೊರಗೆ ಹೋದೆ. ಮನೆಗಳು ಕಾರ್ ಹೊಲದಲ್ಲೇ ಅಂತ ಅಂದೇ ತೀರ್ಮಾನವಾಯಿತು. ಸೆಪ್ಟೆಂಬರಿನಲ್ಲಿ ಹಡಗು ಹತ್ತಿದೆ.

ಆ ದಿನ ನನಗೆ ಗೊತ್ತಿರಲಿಲ್ಲ ಅಂತ ಬರೆದುಬಿಟ್ಟರೆ ಈ ಪತ್ರ ಸುಲಭವಾಗಿ ಮುಗಿದೀತು. ಹರಿದ ಮೂರು ಪತ್ರಗಳಲ್ಲೂ ಹಾಗೆಯೇ ಬರೆದಿದ್ದೆ. ಸುಳ್ಳು ಅದು. ನನಗೆ ಗೊತ್ತಿತ್ತು, ಹೆಡ್ಲಿ.

ಲೇಖನ ಬರೆಯುವ ಮೊದಲೇ ಲಿಂಕನ್ನಿನಲ್ಲಿ ಹಳೆಯ ದಾಖಲೆಗಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿಗೆ ನಮ್ಮ ಹೊಲದ ಹೆಸರಿನ ಬಗ್ಗೆ ಬರೆದು ಕೇಳಿದ್ದೆ. ಉತ್ತರ ಬರುವಷ್ಟರಲ್ಲಿ ಲೇಖನ ಅಚ್ಚಾಗಿತ್ತು. ಉತ್ತರ ಬಂದದ್ದು ಸಭೆಗೆ ಎರಡು ದಿನ ಮುಂಚೆ, ಮಂಗಳವಾರ. ನಾಲ್ಕು ಪುಟ, ಅಚ್ಚುಕಟ್ಟಾದ ಅಕ್ಷರ. ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಬಂದು ಇಲ್ಲಿ ನೆಲೆಸಿದ ಉತ್ತರದವರು ಪೊದೆ ಬೆಳೆದ ಹಸಿ ನೆಲಕ್ಕೆ 'ಕ್ಯಾರ್' ಅನ್ನುತ್ತಿದ್ದರಂತೆ. ನಮ್ಮವರ ಬಾಯಲ್ಲಿ ಅದು 'ಕೆರ್' ಆಯಿತು. ಏಳು ನೂರು ವರ್ಷದ ಹಿಂದೆ ಅವೀಸ್ ಎಂಬ ವಿಧವೆ ನಮ್ಮ ಹ್ಯಾವರ್ಬಿಯ ಕೆರ್‌ನಲ್ಲಿ ತನಗಿದ್ದ ಮೂರನೇ ಒಂದು ಪಾಲನ್ನು ಮಠಕ್ಕೆ ಬಿಟ್ಟುಕೊಟ್ಟ ಪತ್ರ ಇದೆಯಂತೆ: ಜೊಂಡು ಕೊಯ್ಯುವ ಹಕ್ಕು, ನೀರಂಚಿನಲ್ಲಿ ಬೆಳೆಯುವ ಆಲ್ಡರ್ ಮರ ಕಡಿಯುವ ಹಕ್ಕು, ಈಲು ಮೀನು ಹಿಡಿಯುವ ಹಕ್ಕು, ದೋಣಿ ಕಟ್ಟುವ ಜಾಗ. ದೋಣಿ, ಹೆಡ್ಲಿ! ಅಪ್ಪನ ಮಂಚ ಇರುವ ಜಾಗಕ್ಕೆ ಆ ಹೆಂಗಸು ದೋಣಿಯಲ್ಲಿ ಹೋಗುತ್ತಿದ್ದಳು. ಅದೇ ಪತ್ರಕ್ಕೆ ಸಾಕ್ಷಿಯಾಗಿ 'ಕೆರ್‌ನ ವಾಲ್ಟರ್' ಎಂಬವನ ಗುರುತಿದೆ. ಜೌಗಿನ ಅಂಚಿನಲ್ಲಿ ಮನೆಯಿದ್ದವನಿಗೆ ಜೌಗಿನ ಹೆಸರೇ ಅಂಟಿಕೊಂಡಿತು. ನನ್ನ ರಾಬರ್ಟ್ ಕಾರ್ ಅಂಥವರ ಪೈಕಿ. ಹೊಲಕ್ಕೆ ಅವನ ಹೆಸರು ಬರಲಿಲ್ಲ, ಹೊಲದ ಹೆಸರೇ ಅವನಿಗೆ ಬಂತು. ಕಾಲಕಾಲಕ್ಕೆ ಬರೆಯುವವರು ಒಂದೊಂದು ಅಕ್ಷರ ಬದಲಿಸಿ ಕೆರ್ ಅನ್ನು ಕಾರ್ ಮಾಡಿದರು. ಅರ್ಥ ಮಾತ್ರ ಕಾಲುವೆ ತೋಡುವವರ ಬಾಯಲ್ಲಿ ಒಂದಿಷ್ಟೂ ಕೆಡದೆ ಉಳಿದಿತ್ತು. ನಿನ್ನ ಬಾಯಲ್ಲಿ ಇತ್ತು.

ಬುಧವಾರ ಇಡೀ ದಿನ ಆ ನಾಲ್ಕು ಪುಟವನ್ನು ಚೀಲದಲ್ಲಿಟ್ಟುಕೊಂಡು ಪಾಠ ಮಾಡಿದೆ. ಸಭೆಯಲ್ಲಿ ಎದ್ದು, "ನಾನು ಬರೆದದ್ದು ತಪ್ಪು," ಅನ್ನಬೇಕು ಅಂತಲೇ ಹೊರಟಿದ್ದೆ, ಇದನ್ನು ನಂಬುತ್ತೀಯೋ ಬಿಡುತ್ತೀಯೋ. ಆದರೆ ಮಾ ಅವರು "ಹಳೇ ಪತ್ರ ಓದೋಳು" ಅಂದಾಗ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಕಾಲುವೆ ತೋಡುವವನ ಮಗಳು ನಾನು, ಆ ಕಣ್ಣುಗಳಿಗಾಗಿಯೇ ಅಷ್ಟು ವರ್ಷ ಓದಿದ್ದೆ. ಅಚ್ಚಾದದ್ದನ್ನೇ ಹೇಳಿಬಿಟ್ಟೆ. ನೀನು ಎದ್ದು ನಿಜ ಹೇಳಿದಾಗಲಾದರೂ ಹೌದು ಅನ್ನಬಹುದಿತ್ತು. ನೀನು ಹೇಳಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಆ ಪತ್ರವನ್ನು ಮನೆಗೆ ಬಂದು ಒಲೆಗೆ ಹಾಕಿದೆ.

ಬರುವ ಗುರುವಾರ ಮತ್ತೆ ಊರ ಸಭೆ ಇದೆ. ಇದನ್ನೆಲ್ಲ ಅಲ್ಲಿ ಎದ್ದು ಹೇಳುತ್ತೇನೆ. ಆದರೆ ಊರಿಗೆ ಹೇಳುವ ಮೊದಲು ನಿನಗೆ ಹೇಳಬೇಕಿತ್ತು. ಅಪ್ಪನ ಮುಂದೆ ಮೊನ್ನೆ ಹೇಳಿದೆ. ಕಿಟಕಿಯ ಕಡೆ ನೋಡುತ್ತಾ, "ಆ ದಿನ ನನಗೂ ಗೊತ್ತಿತ್ತಲ್ಲೇ," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ನಿನ್ನನ್ನು ನಗೆಪಾಟಲು ಮಾಡಿ ಊರು ಬಿಡಿಸಿದವಳು ನಾನು, ನೀನು ಹೇಳಿದ್ದು ಅಕ್ಷರಶಃ ಸರಿ, ಅಷ್ಟು ನಿನ್ನ ಮಕ್ಕಳಿಗೆ ಗೊತ್ತಿರಲಿ. ಅವರನ್ನು ದೇವರು ಒಣ ನೆಲದಲ್ಲಿ, ಬೆಚ್ಚಗೆ ಇಟ್ಟಿರಲಿ.

ನಿನ್ನ ಅಕ್ಕ,
ಎಡಿತ್ ಲೆಗಟ್

ತಾ.ಕ. ಶುಕ್ರವಾರ ಬೆಳಿಗ್ಗೆ. ಪತ್ರ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ, ಸಭೆ ಮುಗಿಯಲಿ ಅಂತ. ನಿನ್ನೆ ಹೇಳಿದೆ. ಯಾರೂ ನಗಲಿಲ್ಲ. ಆರನೇ ಮನೆಯಲ್ಲಿದ್ದ ಡ್ರೂರಿ ಅಜ್ಜಿ ಎರಡು ವರ್ಷದ ಹಿಂದೆ ಕೆಮ್ಮಿನಲ್ಲೇ ತೀರಿಕೊಂಡರು. ಅವರ ಮಗಳು ಆಲಿವ್ ಒಂದೇ ಮಾತು ಕೇಳಿದಳು, "ಆ ಕಾಗದ ನಿಂಗೆ ಯಾವತ್ತು ಬಂತು?" ಆ ಸಭೆಯ ಹಿಂದಿನ ಮಂಗಳವಾರ ಅಂದೆ. ಕೈಗವಸು ಎತ್ತಿಕೊಂಡು ಎದ್ದು ಹೋದಳು. ಉಳಿದದ್ದನ್ನು ಇನ್ನೊಮ್ಮೆ ಬರೆಯುತ್ತೇನೆ, ಈಗ ಹೊತ್ತಿಲ್ಲ. ಸಭೆಯಿಂದ ಬರುವಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂದಿತ್ತು. ಅಪ್ಪನಿಗೆ ಜ್ವರ ಮರಳಿದೆ, ಈ ಸಲ ಕಫ ಎರಡೂ ಶ್ವಾಸಕೋಶಕ್ಕೆ ಇಳಿದಿದೆ. ನಿನ್ನ ಹೆಸರು ಕರೆಯುತ್ತಿದ್ದಾರೆ. ತಂತಿಯನ್ನೂ ಕೊಡುತ್ತಿದ್ದೇನೆ, ಆದರೆ ನೀನು ಯಾರ ಮುಖ ನೋಡಲಾರದೆ ಹೋದೆಯೋ ಅವಳು ಕರೆದಳು ಅಂತ ತಡಮಾಡಬೇಡ. ನನ್ನನ್ನು ನೋಡುವುದು ಬೇಡವಾದರೆ ನಾನು ಆಸ್ಪತ್ರೆಗೆ ಬರುವುದಿಲ್ಲ, ನನ್ನ ಮನೆಯ ಬೀಗದ ಕೈ ಮಾ ಅವರ ಮನೆಯಲ್ಲಿ ಇಟ್ಟಿರುತ್ತೇನೆ. ವಿಮಾನದಲ್ಲಿ ಬಾ. ಹಡಗಿನಲ್ಲಾದರೆ ಐದಾರು ವಾರ, ಅಷ್ಟು ದಿನ ಇಲ್ಲ ಅಂದರು ವೈದ್ಯರು.