ಮೂರಕ್ಕೆ ನಾಲ್ಕು ಸೇರಿದರೆ ಎಂಟು

ತೆಲಿಗಿ,
ಸೋಮವಾರ, 25-11-2024

ಪ್ರೀತಿಯ ಕನಕಾ,

ಪರೇಡಿನಲ್ಲಿ ಅಂಗಾಲಿಗೆ ಎದ್ದ ಗುಳ್ಳೆಗಳು ವಾಸಿಯಾದವೇ? ಕೊಬ್ಬರಿ ಎಣ್ಣೆ ಹಚ್ಚದೆ ಬೂಟು ಹಾಕಬೇಡ. ಹೊಟ್ಟೆ ತುಂಬ ಉಣ್ಣು. ಪೊಲೀಸಮ್ಮ ಆಗುವವಳು ಒಣಗಿ ಕಡ್ಡಿಯಾದರೆ ಕಳ್ಳರು ನಗುತ್ತಾರೆ. ಇಲ್ಲಿ ನಾವು ಮೂವರೂ ಆರಾಮಾಗಿದ್ದೇವೆ. ಅಂದರೆ, ಮೈಗೇನೂ ಆಗಿಲ್ಲ.

ವಾರಕ್ಕೊಮ್ಮೆ ಸಿಗುವ ಫೋನಿನಲ್ಲಿ ನಿನ್ನೆಯೇ ಹೇಳಬೇಕೆಂದಿದ್ದೆ, ಕ್ರಾಂತಿ ಪಕ್ಕದಲ್ಲೇ ಕೂತಿದ್ದಳು. ಶನಿವಾರ ನಾಗಲಿಂಗಮ್ಮ ಟೀಚರ್ ನನ್ನನ್ನು ಶಾಲೆಗೆ ಕರೆಸಿ ನಮ್ಮ ಮಗಳ ಸ್ಲೇಟು ತೋರಿಸಿದರು. ಕೂಡಿಸಲಿ, ಕಳೆಯಲಿ, ಉತ್ತರದಲ್ಲಿ ಯಾವಾಗಲೂ ಒಂದು ಹೆಚ್ಚು. ಬರುವ ಸೋಮವಾರ ಮತ್ತೊಮ್ಮೆ ಲೆಕ್ಕ ಕೇಳುತ್ತಾರಂತೆ. ಆಗಲೂ ಹೀಗೇ ಆದರೆ ಎರಡನೇ ಕ್ಲಾಸಿನಿಂದ ಎಬ್ಬಿಸಿ ಒಂದನೆಯವರ ಜೊತೆ ಕೂರಿಸುತ್ತಾರಂತೆ. ತಾಯಿ ಕಲಬುರಗಿಗೆ ಟ್ರೇನಿಂಗಿಗೆ ಹೋದ ಮೇಲೆ ಮಗು ಮಂಕಾಗಿದೆ ಅಂತ ಬೇರೆ ಸೇರಿಸಿದರು. ಮೈ ಉರಿದುಹೋಯಿತು. ಉರಿದು ಏನು ಮಾಡಲಿ, ಸ್ಲೇಟು ಎದುರಿಗೇ ಇತ್ತು.

ಆವತ್ತು ಸಂಜೆ ಶೇಂಗಾ ಹಿಡಿದು ಕೂತೆ. ಮೂರು ಇಟ್ಟೆ, ನಾಲ್ಕು ಇಟ್ಟೆ. ಬೆರಳಿಟ್ಟು ಏಳರವರೆಗೂ ನೆಟ್ಟಗೆ ಎಣಿಸಿದಳು. ಒಟ್ಟು ಎಷ್ಟು ಅಂದರೆ ಎಂಟು. ಮತ್ತೆ ಇಟ್ಟೆ, ಮತ್ತೆ ಎಂಟು. "ಏಳು ಎಣಿಸಿ ಎಂಟು ಅಂತೀಯಲ್ಲ, ನನ್ನ ಆಟ ಆಡಸ್ತೀಯೇನು?" ಅಂತ ಕೂಗಿ ಕೈ ಎತ್ತಿಬಿಟ್ಟೆ. ನಮ್ಮವ್ವ ಓಡಿಬಂದು ನಡುವೆ ನಿಂತಳು. ಕ್ರಾಂತಿ ಅಳಲಿಲ್ಲ, ಶೇಂಗಾವನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಅತ್ತಿದ್ದರೆ ವಾಸಿಯಿತ್ತು, ಕನಕಾ. ನನಗೆ ಹೆದರಿಕೆಯಾಗಿದೆ.

ಇದನ್ನು ಓದಿ ನೀನು ಟ್ರೇನಿಂಗು ಅರ್ಧಕ್ಕೆ ಬಿಟ್ಟು ಓಡಿಬರಬೇಡ. ಈ ನೌಕರಿಗೆ ನೀನು ಪಟ್ಟ ಪಾಡು ನನಗೆ ಗೊತ್ತಿದೆ. ಮಗಳನ್ನು ಹೇಗಾದರೂ ತಿದ್ದುತ್ತೇನೆ. ನಮ್ಮವ್ವ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿ.

ನಿನ್ನ,
ದುರುಗೇಶ್

ತಾ.ಕ.: ಬಸ್ಸಿಗೆ ಹೊತ್ತಾಯಿತು, ಆದರೂ ಇದನ್ನು ಬರೆಯಲೇಬೇಕು. ಈಗಷ್ಟೇ ನಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು, ಕ್ರಾಂತಿ ಎಣಿಸಿ ಬುಟ್ಟಿಗೆ ಹಾಕುತ್ತಿದ್ದಳು. ಅಪ್ಪಂದು ಮೂರು, ಅಜ್ಜಿದು ಎರಡು, ನಂದು ಒಂದು, ಒಟ್ಟು ಏಳು ಅಂದಳು. ಏಳನೆಯದು ಯಾರದು ಎಂದು ಕೇಳಿದೆ. "ಅಮ್ಮಂದು. ಅಜ್ಜಿ ದಿನಾ ಇಡ್ತಾಳ. ಎಲ್ಲಾರ್ದೂ ಎಣಿಸಿದ ಮ್ಯಾಲೆ ಅಮ್ಮಂದು ಒಂದು ಇಡಬೇಕು" ಅಂದಳು. ಅವ್ವ ದಿನಾ ನಿನ್ನ ಪಾಲಿನ ರೊಟ್ಟಿ ತೆಗೆದಿಡುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಶಾಲೆಯ ಲೆಕ್ಕದಲ್ಲಿ ಅಮ್ಮನನ್ನು ಸೇರಿಸಬೇಡ ಅಂತ ಮಗಳಿಗೆ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಭಾನುವಾರ ಫೋನಿನಲ್ಲಿ ಅದನ್ನು ನೀನೇ ಹೇಳಬೇಕು.