ಒಂಬತ್ತನೆಯವನ ನಡಿಗೆ

ಅಪ್ಪಾ,

ಈ ಕಾಗದಕ್ಕೆ ವಿಳಾಸವಿಲ್ಲ. ಆದರೂ ವರದಿ ಒಪ್ಪಿಸುತ್ತೇನೆ. ನೀನು ಹೋದ ಮೇಲೆ ಇವತ್ತೇ ಮೊದಲ ಸಲ ನಿನ್ನ ಯುದ್ಧದಾಟದ ಮೇಜು ಒರೆಸಿ, ಹೊಲ, ಸೇತುವೆ ಜೋಡಿಸಿ, ನೀನು ಬಣ್ಣ ಹಚ್ಚಿದ ಬೆರಳುದ್ದದ ಸೈನಿಕರನ್ನು ನಿಲ್ಲಿಸಿದೆ. ತುಕಡಿಗೆ ಒಂಬತ್ತು ಜನ, ವಾಹನದಲ್ಲಿ ಎಂಟೇ ಸೀಟು; ಬೆನ್ನಿಗೆ ವೈರ್‌ಲೆಸ್ ಪೆಟ್ಟಿಗೆ ಹೊತ್ತ ಒಂಬತ್ತನೆಯವನು ಹೊರಗೇ ಉಳಿಯುತ್ತಿದ್ದ. ಅದಕ್ಕೇ ಅಲ್ಲವಾ ನಾವು ಜಗಳ ಆಡಿದ್ದು?

"ವೈರ್‌ಲೆಸ್‌ನವನು ನಡ್ಕೊಂಡು ಬರ್ತಾನೆ ಬಿಡೇ, ಅವಸರ ಏನು?" ಅಂದಿದ್ದೆ ನೀನು.

"ಅವನು ಬರೋ ಹೊತ್ತಿಗೆ ಆಟಾನೇ ಮುಗಿದಿರುತ್ತೆ" ಅಂತ ನಾನು ಅವನನ್ನು ಎತ್ತಿ ಡಬ್ಬಿಗೆ ಹಾಕಿದ್ದೆ. ಆಮೇಲೆ ನೀನು ಆಡೋಣ ಬಾ ಅನ್ನಲೇ ಇಲ್ಲ.

ಇವತ್ತು ಅವನನ್ನೂ ಮೇಜಿನ ಮೇಲಿಟ್ಟೆ. ವಾಹನ ಹತ್ತಿದ ಎಂಟು ಜನ ಒಂದೇ ಸರದಿಗೆ ಸೇತುವೆ ದಾಟಿದರು. ನಡೆಯುವವನಿಗೆ ಸರದಿಗೆ ನಾಲ್ಕೇ ಬೆರಳು ದಾರಿ. ಕಿಟಕಿಯ ಪರದೆಯ ನೆರಳು ಮೇಜಿನ ಹೊಲಗಳ ಮೇಲೆ ಮೋಡದ ಹಾಗೆ ತೇಲುತ್ತಿತ್ತು. ಅವನು ಅದರೊಳಗೆ ಹೋಗಿ, ಹೊರಗೆ ಬಂದು, ನಡೆಯುತ್ತಲೇ ಇದ್ದ. ಬೀದಿಯಲ್ಲಿ ನಿನ್ನ ಜೊತೆ ಹೋಗುವಾಗಲೂ ನೀನು ನಿಧಾನಕ್ಕೆ ಹಿಂದೆ ಬರುತ್ತಿದ್ದೆ, ನಾನು ತಿರುಗಿ ನೋಡಿದವಳಲ್ಲ.

ಶತ್ರುವಿನ ಕಡೆಗೂ ನಾನೇ ಆಡಬೇಕಿತ್ತು; ಅವರ ಸರದಿ ಬಂದಾಗಲೆಲ್ಲ ದಾಳ ಹಾಕದೆ ಬಿಟ್ಟೆ. ವಾಹನದ ಬಾಗಿಲು ತೆರೆದಿಟ್ಟು, ಎಂಟೂ ಜನರನ್ನು ಸೇತುವೆಯಾಚೆ ನಿಲ್ಲಿಸಿದ್ದೇನೆ. ಅವನಿನ್ನೂ ಅರ್ಧ ದಾರಿಯಲ್ಲಿದ್ದಾನೆ.

ಅವಸರವೇನಿಲ್ಲ, ಅಪ್ಪಾ.